ಕುದ್ರುವಿನ ಅಜ್ಜಿಗೆ ಒಂದು ಎಲೆ

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸ ಶುರುವಾಗುವ ಮೊದಲೇ ನನ್ನ ತಲೆಯಲ್ಲಿ ಅದರ ಪಟ್ಟಿ ತಯಾರಾಗಿತ್ತು. ಹಳೆಯ ಕಾಗದವನ್ನು ನಾನು ತಪ್ಪಾಗಿ ಓದಬಹುದಿತ್ತು. ಸರಿಯಾಗಿ ಓದಿದರೂ ಕಾಗದವೇ ಸುಳ್ಳು ಹೇಳಬಹುದಿತ್ತು. ಡಿಎನ್ಎ ಪರೀಕ್ಷೆಗೆ ಕಳಿಸಿದ ಮಾದರಿ ಕೊರಿಯರಿನಲ್ಲಿ ಕಳೆದುಹೋಗಬಹುದಿತ್ತು. ಕಳೆದುಹೋಗದೆ ತಲುಪಿದರೆ ಇನ್ನೂ ಕಷ್ಟ, ಯಾರಿಗೆ ಯಾರು ಅಪ್ಪನಲ್ಲ ಎಂಬ, ಯಾರೂ ಕೇಳದ ಸುದ್ದಿಯನ್ನು ಅದು ಹೊತ್ತು ತರಬಹುದಿತ್ತು. ಮನೆಯ ಯಜಮಾನರು ಸಿಟ್ಟಾಗಬಹುದಿತ್ತು. ಗ್ರಾನೈಟಿನ ಮೇಲೆ ತಪ್ಪು ಹೆಸರು ಕೂತುಬಿಡಬಹುದಿತ್ತು. ಎಂಬತ್ತನಾಲ್ಕರ ಅಜ್ಜಿ ಉತ್ತರ ಬರುವ ಮೊದಲೇ... ಇದನ್ನು ಮಾತ್ರ ನಾನು ಮನಸ್ಸಿನಲ್ಲೂ ಪೂರ್ತಿ ಮಾಡುತ್ತಿರಲಿಲ್ಲ. ಉತ್ತರ ಬಂದ ಮೇಲೆ ಪಟ್ಟಿ ಇನ್ನಷ್ಟು ಉದ್ದವಾಯಿತು. ಎರಡು ಮನೆಯವರು ಪರಸ್ಪರ ಮುಖ ನೋಡಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಯಾರೋ ಒಬ್ಬ ಅದನ್ನು ವಾಟ್ಸಾಪಿಗೆ ಬಿಡಬಹುದಿತ್ತು. ಊಟದ ದಿನ ಕೋಳಿಯಿಂದಲೇ ಜಗಳ ಹುಟ್ಟಬಹುದಿತ್ತು. ಇದೆಲ್ಲ ಸಾಲದೆಂದು ಆಟಿಯ ಮಳೆ; ಆಟಿ ಎಂದರೆ ತುಳುವರ ಆಷಾಢ.

"ಚಿಂತೆ ಮಾಡ್ಲಿಕ್ಕೆ ಎಂತದೂ ಸಿಗದಿದ್ರೆ ನಿಮಗೆ ಅದೇ ಒಂದು ಚಿಂತೆ" ಎನ್ನುತ್ತಾಳೆ ನನ್ನ ಹೆಂಡತಿ.

ನನ್ನದು ಹಳೆಯ ದಸ್ತಾವೇಜು ಓದಿಕೊಡುವ ಕೆಲಸ. ಜನ "ರೈಟ್ರೇ" ಎಂದು ಕರೆಯುತ್ತಾರೆ. ಗೇಣಿ ಚೀಟಿ, ಪಾಲುಪಟ್ಟಿ, ಕುಟುಂಬದ ಪುಸ್ತಕ, ಹೀಗೆ ಮೊಮ್ಮಕ್ಕಳಿಗೆ ಓದಲು ಬಾರದ ಅಕ್ಷರವೆಲ್ಲ ನನ್ನ ಮೇಜಿಗೆ ಬರುತ್ತದೆ. ಇತ್ತೀಚೆಗೆ ಜನರೇ ಡಿಎನ್ಎ ವರದಿಯನ್ನೂ ಜೊತೆಗಿಟ್ಟು, "ಇದನ್ನೂ ಸ್ವಲ್ಪ ನೋಡಿ" ಎನ್ನತೊಡಗಿದ್ದರಿಂದ ಅದನ್ನೂ ಅಷ್ಟಿಷ್ಟು ಕಲಿತಿದ್ದೇನೆ.

ಮಕರ ಸಂಕ್ರಮಣ ಕಳೆದ ವಾರ ಮಣ್ಣಗುಡ್ಡದ ಒಂದು ಮನೆಯಿಂದ ಕರೆ ಬಂತು. ಗಲ್ಫಿನಲ್ಲಿ ದುಡಿದು ಮರಳಿದ, ಅರವತ್ತು ದಾಟಿದ ಯಜಮಾನರು. ಕುಟುಂಬದ ದೈವದ ಚಾವಡಿಯಲ್ಲಿ ವಂಶವೃಕ್ಷ ಕೆತ್ತಿಸಿದ ಕಲ್ಲು ನಿಲ್ಲಿಸಬೇಕೆಂದು ಅವರ ಆಸೆ. ನೇತ್ರಾವತಿಯ ನಡುವೆ ಒಂದು ಕುದ್ರು, ಅಂದರೆ ನದಿಯ ದ್ವೀಪ, ಈ ಕುಟುಂಬದ ಮೂಲ. ಉಪ್ಪುನೀರು ನುಗ್ಗುತ್ತಿದ್ದ ಬರೀ ಕೆಸರಿಗೆ ಮಣ್ಣಿನ ಕಟ್ಟ ಹಾಕಿ, ಮೊದಲ ತೆಂಗು ನೆಟ್ಟವರು ಯಾರೋ ಒಬ್ಬರು. ಆ ಒಬ್ಬರ ಹೆಸರು ಕಲ್ಲಿನ ತುದಿಯಲ್ಲಿ ಬರಬೇಕು.

"ತ್ಯಾಂಪಣ್ಣ ಅಂತ ಕಾಣ್ತದೆ" ಎಂದರು ಯಜಮಾನರು, ಕುಟುಂಬದ ಪುಸ್ತಕವನ್ನು ನನ್ನ ಮುಂದೆ ತೆರೆಯುತ್ತ. "ಮೂಲಪುರುಷ. ನೀವು ಒಮ್ಮೆ ಗಟ್ಟಿ ಮಾಡಿಕೊಟ್ರೆ ಸಾಕು."

ಮೂಲೆಯ ಕುರ್ಚಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜಿ, ಅವರ ಚಿಕ್ಕಮ್ಮ, ತಲೆ ಎತ್ತದೆ ಹೇಳಿದರು: "ಮೂಲಪುರುಷ ಅಲ್ಲ. ಹೆಂಗಸು."

"ಚಿಕ್ಕಮ್ಮ, ಕಾಗದದಲ್ಲಿ ಹಾಗೆ ಇಲ್ಲ."

"ಕಾಗದ ಬರೆದವರು ಗಂಡಸರಲ್ವ. ನಮ್ಮಮ್ಮ ಹೇಳಿದ್ದು ನನಗೆ ಗೊತ್ತುಂಟು. ಕುದ್ರುವಿಗೆ ಮೊದಲು ಕಾಲಿಟ್ಟದ್ದು ಹೆಂಗಸು. ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಒಂದು ಮಗು. ಕಂಕುಳದ್ದು ನೆರೆಯಲ್ಲಿ ಹೋಯ್ತು. ಕೈ ಹಿಡಿದದ್ದು ನನ್ನ ಅಜ್ಜಿ."

"ಹೆಸರು?" ಎಂದೆ ನಾನು.

ಅಜ್ಜಿಯ ಅಡಕತ್ತರಿ ನಿಂತಿತು. "ಅಮ್ಮನನ್ನು ಹೆಸರು ಹಿಡಿದು ಕರೆಯುವವರು ಯಾರು ರೈಟ್ರೇ? ನನ್ನ ಅಜ್ಜಿ ಅವಳನ್ನು ಅಮ್ಮ ಅಂತಿದ್ದಳು. ನಮ್ಮಮ್ಮ ಅಜ್ಜಿ ಅಂತಿದ್ದಳು. ಹಾಗೆ ಹೆಸರು ಹೋಯ್ತು."

ಆಟಿ ತಿಂಗಳಲ್ಲಿ ಇವರ ಮನೆಯಲ್ಲಿ ಸತ್ತವರಿಗೆ ಬಡಿಸುವ ಕ್ರಮವುಂಟು. ಒಳಕೋಣೆಯಲ್ಲಿ ಸಾಲಾಗಿ ಬಾಳೆಎಲೆ ಹಾಕಿ, ಒಬ್ಬೊಬ್ಬರ ಹೆಸರು ಕರೆದು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತಾರೆ. ಕುದ್ರುವಿನವಳಿಗೂ ಒಂದು ಎಲೆ. ಅಲ್ಲಿ ಕೂಗಲು ಹೆಸರಿಲ್ಲ. ಅದರ ಪಕ್ಕದಲ್ಲಿ ನೆರೆಯಲ್ಲಿ ಹೋದ ಮಗುವಿಗೆ, ಮಕ್ಕಳಿಗೆ ಹಾಕುವಂಥ ಪುಟ್ಟ ತುದಿಎಲೆ.

"ಎಲ್ಲರನ್ನೂ ಹೆಸರು ಹೇಳಿ ಕರೀತೇನೆ. ಅವಳಿಗೆ ಮಾತ್ರ 'ಬಾ' ಅಂತೇನೆ. ಹಾಗೆ ಕರೆದ್ರೆ ಯಾರು ಬರ್ತಾರೆ? ಈ ಆಟಿಗೆ ಹೆಸರು ಬೇಕು ರೈಟ್ರೇ. ಮುಂದಿನ ಆಟಿಯ ಮಾತು ನನ್ನ ಹತ್ತಿರ ಆಡಬೇಡಿ."

ಹೀಗೆ ಯಜಮಾನರಿಗೆ ಕಲ್ಲಿಗೊಂದು ಹೆಸರು ಬೇಕಿತ್ತು, ಅಜ್ಜಿಗೆ ಕರೆಯಲೊಂದು ಹೆಸರು. ನಾನು ಮೊದಲು ಕಲ್ಲಿನ ಕಡೆ ವಾಲಿದೆ. ಗಂಡಸಲ್ಲವೇ.

ಕುಟುಂಬದ ಪುಸ್ತಕದಲ್ಲಿ ಸಾಲು ಚೆನ್ನಾಗಿತ್ತು: ತ್ಯಾಂಪಣ್ಣ, ಅವರ ನಂತರ ಸಂಕಪ್ಪ, ಅವರ ನಂತರ ಇನ್ನೊಬ್ಬರು, ಹೀಗೆ ಇಳಿದು ಈಗಿನ ಯಜಮಾನರ ತನಕ. ಕುದ್ರುವಿನ ಮೂಲಗೇಣಿ ಚೀಟಿಯ ನಕಲೂ ಸಿಕ್ಕಿತು. ಜಾಗವನ್ನು ತಲೆಮಾರುಗಳ ಕಾಲಕ್ಕೆ ಗೇಣಿಗೆ ಹಿಡಿದ ಕಾಗದ. ಕೆಳಗೆ ತ್ಯಾಂಪಣ್ಣನ ರುಜು. ಇಡೀ ಚೀಟಿಯನ್ನು ನಾನೇ ಬಿಡಿಸಿ ಬರೆದೆ. ಮೇಲಿಂದ ಕೆಳಗಿನವರೆಗೆ ಗಂಡಸರ ಸಾಲು ಎಂದ ಮೇಲೆ ಗಂಡಿನಿಂದ ಗಂಡಿಗೆ ಇಳಿಯುವ ವೈ ವರ್ಣತಂತುವಿನ ಪರೀಕ್ಷೆಯೇ ಸರಿ ಎಂದು ತೀರ್ಮಾನಿಸಿದೆ. ಯಜಮಾನರು ಬಹಳ ಗಂಭೀರವಾಗಿ ಬಾಯಿ ತೆರೆದರು. ಕೆನ್ನೆಯ ಒಳಗೆ ಕಡ್ಡಿ ಉಜ್ಜಿ, ಕೊಳವೆಗೆ ಹಾಕಿ, ಮುಚ್ಚಳ ಬಿಗಿದು ಕಳಿಸಿದೆ. ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಲು ಕೊರಿಯರ್ ಅಂಗಡಿಗೆ ಎರಡನೇ ಸಲವೂ ಹೋದೆ. ಅಂಗಡಿಯವನು, "ಅದು ಹೋಗಿ ಆಯ್ತು ಮಾರಾಯ್ರೆ" ಎಂದ.

ಆರು ವಾರಕ್ಕೆ ವರದಿ ಬಂತು. ಹತ್ತಿರದ ಹೊಂದಿಕೆ ಎಂದು ತೋರಿಸಿದ್ದು ಬೆಳ್ತಂಗಡಿ ಕಡೆಯ ಒಬ್ಬರನ್ನು. ಅವರ ಕುಟುಂಬಕ್ಕೂ ಕುದ್ರುವಿಗೂ ಸಂಬಂಧವೇ ಇಲ್ಲ. ಪಟ್ಟಿಯ ನಾಲ್ಕನೆಯ ಭಯ, ಯಾರಿಗೆ ಯಾರು ಅಪ್ಪನಲ್ಲ ಎಂಬುದು, ನಿಜವಾಗಿಬಿಟ್ಟಿತು ಎಂದುಕೊಂಡೆ. ಮೂರು ದಿನ ಯಜಮಾನರ ಫೋನು ಎತ್ತಲಿಲ್ಲ.

ನಾಲ್ಕನೆಯ ದಿನ ಊಟಕ್ಕೆ ಕೂತಾಗ ಹೆಂಡತಿಗೆ ವಿಷಯ ಹೇಳಿದೆ. ಅವಳು ಬೂತಾಯಿ ಮೀನಿನ ಸಾರು ಬಡಿಸುತ್ತ ಕೇಳಿದಳು, "ಆ ಯಜಮಾನರು ಯಜಮಾನರಾದದ್ದು ಹೇಗೆ? ಅಪ್ಪನಿಂದಲಾ?"

"ಅಲ್ಲ, ಸೋದರಮಾವನಿಂದ."

"ಆ ಮಾವ?"

"ಅವರ ಮಾವನಿಂ..." ಎಂದವನು ತುತ್ತು ಬಾಯಲ್ಲಿಟ್ಟುಕೊಂಡು ಮಾತು ನಿಲ್ಲಿಸಿದೆ.

"ನಿಮ್ಮದೂ ಅಳಿಯಕಟ್ಟಿನ ಕುಟುಂಬವೇ. ನೀವೂ ಅಮ್ಮನ ಮನೆಯ ಲೆಕ್ಕಕ್ಕೆ ಸೇರಿದವರೇ. ಆದ್ರೂ ಆ ಪಾಪದವರ ಬಾಯಿಗೆ ಅಪ್ಪನ ಕಡ್ಡಿ ಹಾಕಿದ್ರಿ!"

ನಾಚಿಕೆಯಿಂದ ಬರೆಯುತ್ತೇನೆ. ನಮ್ಮಲ್ಲಿ ಹಿಂದೆ ಕುಟುಂಬ ಇಳಿಯುತ್ತಿದ್ದುದು ಅಮ್ಮನಿಂದ ಮಗಳಿಗೆ. ಯಜಮಾನಿಕೆ ಹೋಗುತ್ತಿದ್ದುದು ಮಾವನಿಂದ ಅಳಿಯನಿಗೆ. ಪುಸ್ತಕದ ಆ ಚಂದದ ಸಾಲಿನಲ್ಲಿ ಒಬ್ಬ ಅಪ್ಪನೂ ಇರಲಿಲ್ಲ, ಒಬ್ಬ ಮಗನೂ ಇರಲಿಲ್ಲ. ನಾನು ಪರೀಕ್ಷಿಸಿದ್ದು ಯಜಮಾನರ ತಂದೆಯ ಮನೆಯನ್ನು, ಅವರ ತಂದೆ ಬಂದದ್ದು ಬೆಳ್ತಂಗಡಿ ಕಡೆಯಿಂದಲೇ. ಪರೀಕ್ಷೆ ಸರಿಯಾಗಿಯೇ ಇತ್ತು. ಪ್ರಶ್ನೆ ತಪ್ಪಾಗಿತ್ತು.

ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಡಿಎನ್ಎ ಒಂದುಂಟು. ಯಾವ ಪಾಲುಪಟ್ಟಿಯೂ ಇಷ್ಟು ಶಿಸ್ತಿನಿಂದ ಅಳಿಯಕಟ್ಟನ್ನು ಪಾಲಿಸಿರಲಿಕ್ಕಿಲ್ಲ. ಅದು ಯಜಮಾನರಲ್ಲೂ ಇತ್ತು. ಆದರೆ ಜೊತೆಗೆ ಮಾಡುವ, ಅಪ್ಪ ಅಮ್ಮ ಎರಡೂ ಕಡೆಯನ್ನು ನೋಡುವ ಸಾಮಾನ್ಯ ಪರೀಕ್ಷೆಗೆ ಒಂದು ತಲೆಮಾರು ಹಿಂದಿನವರು ಸಿಕ್ಕಿದರೆ ನೆಂಟಸ್ತಿಕೆಯ ಗುರುತು ಹೆಚ್ಚು ಉಳಿದಿರುತ್ತದೆ. ಆದ್ದರಿಂದ ಕಡ್ಡಿ ಹಿಡಿದು ಅಜ್ಜಿಯ ಮುಂದೆ ಕೂತೆ. ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬಾರದು ಎಂದು ಹೇಳಿಯೇ ಹೋಗಿದ್ದೆ. "ಎಂತದೂ ತಿನ್ನಲಿಲ್ಲ" ಎಂದರು. ಮೂರು ವಾರದ ನಂತರ ಪ್ರಯೋಗಶಾಲೆಯಿಂದ ಪತ್ರ: ಮಾದರಿ ಕೆಟ್ಟಿದೆ, ಮತ್ತೆ ಕಳಿಸಿ.

"ಅಜ್ಜಿ, ಆವತ್ತು ಎಲೆಅಡಿಕೆ ಹಾಕಿದ್ರಾ?"

"ಎಲೆಅಡಿಕೆ ತಿನ್ನುವುದರ ಲೆಕ್ಕಕ್ಕೆ ಬರ್ತದಾ?"

ಎರಡನೇ ಸಲ ಅಡಿಕೆಯ ಹರಿವಾಣವನ್ನು ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿ, ಎರಡು ಗಂಟೆ ಅವರ ಎದುರೇ ಕಾವಲು ಕೂತೆ. ಅಷ್ಟೂ ಹೊತ್ತು ಅವರು ನನ್ನನ್ನು ಬೈದರು. ನನ್ನ ಅಮ್ಮ ಹೋದ ಮೇಲೆ ಅಷ್ಟು ಆಸ್ಥೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ.

ಫಲಿತಾಂಶ ಬಂದಾಗ ಆಟಿಗೆ ಒಂದು ತಿಂಗಳು ಉಳಿದಿತ್ತು. ತಾಯಿಯ ಸಾಲಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲದ ಒಂದು ಹೊಂದಿಕೆ. ಅಷ್ಟರಿಂದಲೇ ಕುಣಿಯುವಂತಿಲ್ಲ; ಅಂಥ ಹೊಂದಿಕೆ ಎಷ್ಟೋ ತಲೆಮಾರು ಹಿಂದಿನದೂ ಆಗಿರಬಹುದು. ಆದರೆ ಸಾಮಾನ್ಯ ಪರೀಕ್ಷೆಯಲ್ಲೂ ಅದೇ ವ್ಯಕ್ತಿ ಹತ್ತಿರದ ನೆಂಟರಾಗಿ ಕಾಣಿಸಿಕೊಂಡಿದ್ದರು. ಎರಡನ್ನೂ ಸೇರಿಸಿದರೆ ಕವಲೊಡೆದದ್ದು ಅಜ್ಜಿಯ ಅಜ್ಜಿಯ ಕಾಲದ ಆಚೀಚೆ. ಮಂಗಳೂರಿನ ಬಂದರಿನಲ್ಲಿ ಇರುವ ಒಬ್ಬ ಹೆಂಗಸು. ಬ್ಯಾರಿ ಮುಸ್ಲಿಮರು.

ಒಂದು ಸಂದೇಶಕ್ಕೆ ಐದು ಕರಡು ಮಾಡಿದೆ. ಉತ್ತರ ಬರೆದದ್ದು ಅವರ ಮಗಳು. ಅತ್ತಾವರದಲ್ಲಿ ವೈದ್ಯಕೀಯ ಓದುತ್ತಿದ್ದಳು, ಕುತೂಹಲಕ್ಕೆಂದು ತನ್ನದನ್ನೂ ಅಮ್ಮನದನ್ನೂ ಪರೀಕ್ಷೆ ಮಾಡಿಸಿದ್ದಳು. "ಅಂಕಲ್, ಅಮ್ಮ ಬರ್ಲಿಕ್ಕೆ ಹೇಳಿದ್ದಾರೆ. ಹೆದರಬೇಡಿ." ನನ್ನ ಬರಹದಲ್ಲೇ ಹೆದರಿಕೆ ಕಂಡಿತ್ತೆಂದು ತೋರುತ್ತದೆ.

ಬಂದರಿನ ಆ ಮನೆಯ ಕೆಳಗೆ ಹಗ್ಗದ ಅಂಗಡಿ, ಮೇಲೆ ವಾಸ. ಐವತ್ತೆಂಟರ ಆ ತಾಯಿ ಚಹಾ ಕೊಟ್ಟು, ನಾನು ಏನೂ ಕೇಳುವ ಮೊದಲೇ ತುಳುವಿನಲ್ಲಿ ಶುರು ಮಾಡಿದರು. "ನನ್ನ ಮುತ್ತಜ್ಜಿ ಕುದ್ರುವಿನ ಮಗು. ಅದು ನಮ್ಮಲ್ಲಿ ಗುಟ್ಟೇನಲ್ಲ. ಆ ಮನೆಯವರು ಯಾರು ಅಂತ ಮಾತ್ರ ಗೊತ್ತಿರಲಿಲ್ಲ."

ಅವರ ಮನೆಯ ಕಥೆ ಇದು. ದೊಡ್ಡ ನೆರೆ ಬಂದ ವರ್ಷ ಇವರ ಮನೆಯ ಅಕ್ಕಿದೋಣಿ ಕುದ್ರುವಿನ ಹತ್ತಿರ ಹಾದುಹೋಗುತ್ತಿತ್ತು. ಕಟ್ಟ ಒಡೆಯುತ್ತಿದ್ದ ಜಾಗದಲ್ಲಿ ನಿಂತಿದ್ದ ಹೆಂಗಸು ಕಂಕುಳಿನ ಮಗುವನ್ನು ದೋಣಿಗೆ ಕೊಟ್ಟಳು. ತಾನು ದೊಡ್ಡ ಮಗಳೊಂದಿಗೆ ಅಲ್ಲೇ ಉಳಿದಳು. ನೀರು ಇಳಿದು ಅವಳು ಬರುವಷ್ಟರಲ್ಲಿ ಮಗುವಿಗೆ ಜ್ವರ. ದೋಣಿಯೊಡೆಯನಾದ ವ್ಯಾಪಾರಿಗೆ ಮಕ್ಕಳಿರಲಿಲ್ಲ; ಅವನ ಹೆಂಡತಿ ಆರೈಕೆ ಮಾಡಿದ್ದಳು. ಮಗು ಆ ಮಡಿಲು ಬಿಟ್ಟು ಬರಲಿಲ್ಲ. ಅವಳು ಮತ್ತೊಮ್ಮೆ ಬಂದಳು, ಆಗಲೂ ಮಗು ಬರಲಿಲ್ಲ. ಮೂರನೇ ಸಲ ಬರುವಾಗ ಒಂದು ಗಿಂಡೆ ತಂದು ಇಟ್ಟು ಹೋದಳು. ಆಮೇಲೆ ತೆಂಗಿನಕಾಯಿ ಮಾರಲು ಬಂದಾಗಲೆಲ್ಲ ಅಂಗಡಿಯ ಮೆಟ್ಟಿಲಲ್ಲಿ ಕೂತು ಮಗುವನ್ನು ನೋಡಿಕೊಂಡು ಹೋಗುತ್ತಿದ್ದಳಂತೆ.

"ಅವರ ಮನೆಯಲ್ಲಿ ಮಗು ನೆರೆಗೆ ಹೋಯ್ತು ಅಂತ ಹೇಳ್ತಾರೆ" ಎಂದೆ.

"ನಾನು ಕೊಟ್ಟುಬಂದೆ ಅಂತ ಹೇಳ್ಲಿಕ್ಕೆ ಆ ತಾಯಿಗೆ ಬಾಯಿ ಬರ್ಬೇಕಲ್ವಾ" ಎಂದರು ಅವರು. ಎದ್ದು ಒಳಗಿನಿಂದ ಗಿಂಡೆ ತಂದರು. ಮೂತಿಯಿರುವ ಕಂಚಿನ ನೀರಿನ ಪಾತ್ರೆ. ಹುಣಸೆಹುಳಿಯಲ್ಲಿ ತಿಕ್ಕಿ ತಿಕ್ಕಿ ಮೈ ಸವೆದಿತ್ತು. ಕುತ್ತಿಗೆಯ ಸುತ್ತ ಚುಕ್ಕಿ ಹೊಡೆದು ಬರೆದ ಕನ್ನಡ ಅಕ್ಷರ. ಕನ್ನಡಕ ತೆಗೆದು, ಹಾಕಿ, ಕಿಟಕಿಯ ಹತ್ತಿರ ಹಿಡಿದು, ಬೆರಳಾಡಿಸಿ ಓದಿದೆ: ಪೂವಕ್ಕೆ, ಕುದ್ರು. ಪೂವಕ್ಕೆ, ತುಳುವಿನಲ್ಲಿ ಹೆಂಗಸಿನ ಹೆಸರು.

ಪಾತ್ರೆಗೆ ಹೆಸರು ಹಾಕಿಸದ ಮನೆ ನಮ್ಮ ಜಿಲ್ಲೆಯಲ್ಲಿಲ್ಲ. ಇಷ್ಟು ವರ್ಷ ಊರಿನ ಕಪಾಟುಗಳನ್ನೆಲ್ಲ ಜಾಲಾಡಿದ ನಾನು ಯಾರ ಅಡುಗೆಮನೆಯನ್ನೂ ಇಣುಕಿ ನೋಡಿರಲಿಲ್ಲ.

ಆದರೂ ಪಾತ್ರೆಗಳು ಕೈ ಬದಲಿಸುತ್ತವೆ. ಮನೆಗೆ ಬಂದು ನನ್ನದೇ ಕೈಬರಹದ ಮೂಲಗೇಣಿ ಚೀಟಿಯನ್ನು ಮತ್ತೆ ತೆಗೆದೆ. ಮೂರನೆಯ ಪುಟದಲ್ಲಿ ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ದಿಕ್ಕಿನ ಗಡಿ. ನಮ್ಮ ಕಸುಬಿನವರು ಚಕ್ಕುಬಂದಿಯನ್ನು ನಕಲು ಮಾಡುತ್ತೇವೆ, ಓದುವುದಿಲ್ಲ. ಮೂಡಣಕ್ಕೆ ಹೊಳೆ. ತೆಂಕಣಕ್ಕೆ ಹೊಳೆ. ಬಡಗಣಕ್ಕೆ ಹೊಳೆ. ಪಡುವಣಕ್ಕೆ, ಪೂವಕ್ಕೆ ಹಾಕಿದ ಕಟ್ಟ.

ಫೆಬ್ರವರಿಯಲ್ಲಿ ನನ್ನ ಕೈಯಾರೆ ಬರೆದ ಸಾಲು. ತ್ಯಾಂಪಣ್ಣ ರುಜು ಹಾಕುವ ಹೊತ್ತಿಗೆ ಆಕೆಯ ಕಟ್ಟ ಅಲ್ಲಿ ಗಡಿಯಾಗಿ ನಿಂತಾಗಿತ್ತು. ಅವನು ಅವಳಿಗೆ ಅಣ್ಣನೋ ಮಾವನೋ, ಕುಟುಂಬದ ಯಜಮಾನನೆಂದು ರುಜು ಹಾಕಿದವನು, ಅಷ್ಟೆ.

ಮೊದಲು ಯಜಮಾನರಿಗೆ ಹೇಳಿದೆ, ಬಲ್ಮಠದ ಒಂದು ಹೋಟೆಲಿನಲ್ಲಿ ಕೂರಿಸಿ. ಅವರು ಚೀಟಿ ನೋಡಿದರು, ಗಿಂಡೆಯ ಫೋಟೋ ನೋಡಿದರು, ವರದಿ ನೋಡಿದರು. ಬನ್ಸ್ ತಣ್ಣಗಾಯಿತು.

"ಕಲ್ಲಿನವನಿಗೆ ನಾಳೆ ಹೇಳ್ತೇನೆ, ಮೇಲೆ ಒಂದು ಸಾಲು ಬಿಡು ಅಂತ" ಎಂದರು ಕೊನೆಗೆ. "ಆದ್ರೆ ರೈಟ್ರೇ, ಒಂದು ಮಾತು. ಚಿಕ್ಕಮ್ಮನಿಗೆ ಹೆಸರು ಮಾತ್ರ ಹೇಳುವ. ಎಲ್ಲಿಂದ ಸಿಕ್ಕಿತು ಅಂತ ಬೇಡ. ಕಾಗದದಲ್ಲಿ ಉಂಟಲ್ಲ, ಅಷ್ಟು ಸಾಕಲ್ಲ? ಈ ಪ್ರಾಯದಲ್ಲಿ ಅವರಿಗೆ ಎಂತ ಆಗ್ತದೋ."

ಸುಳ್ಳಲ್ಲ, ನನಗೆ ಸಮಾಧಾನವಾಯಿತು. ಹೇಡಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇರೆ ಯಾವುದು? ಹೆಸರು ನಿಜ, ಕಾಗದ ನಿಜ, ಅಜ್ಜಿಗೆ ಬೇಕಾದದ್ದೂ ಅಷ್ಟೇ. ಆಗಲಿ ಎಂದೆ. ಮರುದಿನ ಮಣ್ಣಗುಡ್ಡಕ್ಕೆ ಹೊರಟವನಿಗೆ ದಾರಿಯುದ್ದಕ್ಕೂ ಕಾಡಿದ್ದು ಆ ತುದಿಎಲೆ. ಹೆಸರನ್ನು ಹೇಳಿ ಮಗುವಿನ ವಿಷಯ ಮುಚ್ಚಿಟ್ಟರೆ ಈ ಆಟಿಯಲ್ಲೂ ಅಜ್ಜಿ ಅದನ್ನು ನೀರಿಗೆ ಹೋದ ಕೂಸೆಂದೇ ಕರೆಯುತ್ತಾರೆ. ನನಗೆ ಗೊತ್ತಿದ್ದೂ ಕರೆಯಲು ಬಿಟ್ಟಂತೆ. ಆಮೇಲೆ ಯಜಮಾನರು ಬೈದರೆ ಬೈಯಲಿ ಎಂದು, ಅಜ್ಜಿಯ ಕುರ್ಚಿಯ ಪಕ್ಕ ಕೂತು, ಹಗ್ಗದ ಅಂಗಡಿಯ ಮೆಟ್ಟಿಲಿನ ತನಕ ಎಲ್ಲವನ್ನೂ ಹೇಳಿದೆ. ಯಜಮಾನರು ಬಾಗಿಲಲ್ಲಿ ನಿಂತು ಚಾವಣಿ ನೋಡುತ್ತಿದ್ದರು.

ಅಜ್ಜಿ ಜಾತಿ ಕೇಳಲಿಲ್ಲ, ಪುರಾವೆ ಕೇಳಲಿಲ್ಲ. "ಮಗು ಬದುಕಿತಾ?" ಎಂದರು.

"ಬದುಕಿದ್ರು ಅಜ್ಜಿ. ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳನ್ನೂ ಕಂಡಿದ್ರಂತೆ."

"ಅಯ್ಯೋ ದೇವರೇ" ಎಂದು ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನಾನು ನೀರು ತರಲು ಎದ್ದೆ. ಅಳು ಹೌದು, ಆದರೆ ಜೊತೆಗೆ ನಗುವೂ ಇತ್ತು. "ಮೊಮ್ಮಕ್ಕಳನ್ನು ಕಂಡ ಅಜ್ಜಿಗೆ ನಾವು ಇಷ್ಟು ವರ್ಷ ಮಕ್ಕಳ ಎಲೆ ಹಾಕಿದ್ದಾ! ಪಾಪ, ಪ್ರತಿ ಸಲ ಅರೆಹೊಟ್ಟೆಯಲ್ಲಿ ಎದ್ದು ಹೋಗಿರ್ಬೇಕು." ಮತ್ತೆ ಯಜಮಾನರ ಕಡೆ ತಿರುಗಿ, "ಅವರನ್ನು ಆಟಿಗೆ ಕರಿ" ಎಂದರು.

ಊಟದ ದಿನ ಬಂತು. ಬಾಳೆಎಲೆ ತರುವ ಕೆಲಸ ನನ್ನದು. ಮಾರ್ಕೆಟ್ಟು ನನಗೆ ದಾರಿಯಲ್ಲೇ. ಹೋದ ವರ್ಷದ ಲೆಕ್ಕವನ್ನು ಯಜಮಾನರಿಂದ ಫೋನಿನಲ್ಲಿ ಬರೆದುಕೊಂಡೆ. ಸತ್ತವರಿಗೆ ಐದು ದೊಡ್ಡೆಲೆ, ಒಂದು ತುದಿಎಲೆ. ಬದುಕಿರುವವರಿಗೆ, ಬಂದರಿನ ಅಮ್ಮ ಮಗಳನ್ನೂ ನನ್ನನ್ನೂ ನನ್ನ ಹೆಂಡತಿಯನ್ನೂ ಸೇರಿಸಿ, ಹತ್ತು. ಮೂರು ಸಲ ಎಣಿಸಿದೆ. ಎರಡು ಹೆಚ್ಚೇ ಕೊಂಡಿದ್ದೆ. ರಿಕ್ಷಾ ಇಳಿಯುವಾಗ ಗಾಳಿಗೆ ಎರಡು ಸೀಳಿದವು. ಹೆಚ್ಚಿನವು ತಾನೇ ಎಂದು ಎಸೆದೆ.

ಉಳಿದದ್ದೆಲ್ಲ ನಾನು ಹೆದರಿದಂತೆ ಆಗಲೇ ಇಲ್ಲ. ಮಳೆ ಬೆಳಿಗ್ಗೆಯೇ ನಿಂತಿತ್ತು. ಬಂದರಿನ ತಾಯಿ ಗಿಂಡೆಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅಜ್ಜಿ ಅದರ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿ, ಆಮೇಲೆ ಆಕೆಯ ಗಲ್ಲ ಹಿಡಿದು ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದರು: "ನನ್ನ ಅಜ್ಜಿ ಅಕ್ಕ, ನಿನ್ನ ಮುತ್ತಜ್ಜಿ ತಂಗಿ. ಹಾಗಾದ್ರೆ ನಿನ್ನ ಅಮ್ಮ ನನಗೆ ತಂಗಿಯಾಗ್ಬೇಕು. ನೀನು ಮಗಳು. ತಲೆ ಬಾಚುವುದಿಲ್ವಾ ಈ ಹುಡುಗಿ, ನಿನ್ನ ಮಗಳು?" ಪ್ರಯೋಗಶಾಲೆಗೆ ಇದೇ ಲೆಕ್ಕಕ್ಕೆ ವಾರಗಟ್ಟಲೆ ಬೇಕಾಗಿತ್ತು.

ನಾನು ಅಡುಗೆಮನೆಗೆ ನುಸುಳಿ, ಕೋಳಿ ಹಲಾಲೋ ಅಲ್ಲವೋ ಎಂದು ಪಿಸುಗುಟ್ಟಿದೆ. "ನಲವತ್ತು ವರ್ಷದಿಂದ ನಾನು ಕೋಳಿ ತರಿಸುವುದೇ ಬ್ಯಾರಿಗಳ ಅಂಗಡಿಯಿಂದ" ಎಂದರು ಅಜ್ಜಿ. "ಇಷ್ಟರವರೆಗೆ ಸತ್ತವರು ಯಾರೂ ದೂರು ಕೊಡಲಿಲ್ಲ ಮಾರಾಯ್ರೆ. ಮತ್ತೆ, ಸತ್ತವರಿಗೆ ಬಡಿಸಿದ್ದು ಬಂದರಿನವರಿಗೆ ಆಗ್ಲಿಕ್ಕಿಲ್ಲ ಅಂತ ಅವರ ಪಾಲು ಮೊದಲೇ ಬೇರೆ ತೆಗೆದಿಟ್ಟಿದ್ದೇನೆ. ನೀವು ಹೊರಗೆ ಹೋಗಿ ಕೂತ್ಕೊಳ್ಳಿ."

ಮಧ್ಯಾಹ್ನ ಒಳಕೋಣೆಯಲ್ಲಿ ಎಲೆ ಹಾಕಿದರು. ಅಮ್ಮ ಮಗಳು ಚಾವಡಿಯಲ್ಲೇ ಕೂತರು, ಆದರೆ ಬಾಗಿಲು ತೆರೆದಿತ್ತು, ಎಲ್ಲ ಕೇಳುತ್ತಿತ್ತು. ಒಬ್ಬೊಬ್ಬರನ್ನೇ ಕರೆಯುತ್ತ ಬಂದ ಅಜ್ಜಿ ಆ ಎಲೆಯ ಮುಂದೆ ಸ್ವಲ್ಪ ನಿಂತರು. ಗೋಡೆ ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಪೂವಕ್ಕೆ" ಎಂದರು. ಹೊಳೆಯ ಆಚೆ ದಡದವರನ್ನು ಕೂಗಿದ ಹಾಗಿತ್ತು ಧ್ವನಿ. "ಪೂವಕ್ಕೆ, ಬಾ. ನಿನ್ನ ಎರಡನೆಯವಳೂ ಬಂದಿದ್ದಾಳೆ. ಉಣ್ಣು."

ಯಜಮಾನರು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು. ನಾನು ನನ್ನ ಪಟ್ಟಿಯನ್ನು ಮನಸ್ಸಿನಲ್ಲೇ ತೆರೆದು ಒಂದೊಂದಾಗಿ ಹೊಡೆದುಹಾಕಿದೆ. ಒಂದೂ ಉಳಿಯಲಿಲ್ಲ.

ಬಾಗಿಲು ಎಳೆದು, ಕಾದು, ತೆರೆದು, ನಾವೆಲ್ಲ ಊಟಕ್ಕೆ ಸಾಲಾಗಿ ಕೂತೆವು. ಎಲೆ ಹಾಕುತ್ತ ಬಂದ ಯಜಮಾನರು ನನ್ನ ಮುಂದೆ ಬಂದು ನಿಂತರು. ಕೈ ಖಾಲಿ. ಒಳಗೆ ಪೂವಕ್ಕೆಯ ಪಕ್ಕದಲ್ಲಿ, ಮೊಮ್ಮಕ್ಕಳನ್ನು ಕಂಡ ಆ ಮಗಳಿಗೆ ಅಜ್ಜಿ ಈ ಸಲ ದೊಡ್ಡೆಲೆ ಹಾಕಿದ್ದರು. ಹಾಕುತ್ತಾರೆಂದು ಮೂರು ಸಲ ಎಣಿಸಿದ ನನಗೆ ಹೊಳೆದಿರಲಿಲ್ಲ.

"ಬಟ್ಟಲು ಕೊಡಿ, ಪರವಾಗಿಲ್ಲ" ಎಂದೆ.

"ಇವತ್ತು ಈ ಮನೆಯಲ್ಲಿ ಬಟ್ಟಲಲ್ಲಿ ಯಾರೂ ಉಣ್ಣುವುದಿಲ್ಲ" ಎಂದು ಅಜ್ಜಿ, ಅಡುಗೆಮನೆಯಲ್ಲಿ ಬಾಕಿ ಉಳಿದಿದ್ದ ತುದಿಎಲೆಯನ್ನು ತಂದು ನನ್ನ ಮುಂದೆ ಹಾಸಿದರು.

ಅಂಗೈಗಿಂತ ತುಸು ದೊಡ್ಡದು. ಐವತ್ತೆರಡು ವರ್ಷದ, ಈ ಹೊಟ್ಟೆಯ ನನಗೆ. ಕೋಳಿ ಸಾರು ಎರಡು ಕಡೆಯಿಂದ ಹರಿದು ಪಂಚೆಗೆ ಇಳಿಯಿತು.